ಸ್ಕ್ಯಾನ್ ರೇಟ್ ಹತ್ತುಪಟ್ಟು ಮಾಡಿದರೆ 28 ಮಿಲಿವೋಲ್ಟ್ ಸರಿಯುತ್ತೆ, ಆದರೆ ಫ್ಲಾಸ್ಕಲ್ಲಿ ಇರೋದು ಡೈಮರ್ (ಎರಡು ಅಣು ಜೋಡಿಯಾದದ್ದು). ಯಾವುದನ್ನ ನಂಬಲಿ?

ಮೂರು ಮಿಲಿಮೀಟರ್:

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ, ವಿಷಯ ಆರ್ಗ್ಯಾನಿಕ್ ಎಲೆಕ್ಟ್ರೋಕೆಮಿಸ್ಟ್ರಿ. ಈಗ ಕೈಯಲ್ಲಿರೋದು 1-ಬೆಂಜೈಲ್ ನಿಕೋಟಿನಮೈಡ್ ಲವಣ, ನಾವು ಬಿಎನ್‌ಎ ಪ್ಲಸ್ ಅಂತೀವಿ. ಜೀವಕೋಶದಲ್ಲಿ ಎಲೆಕ್ಟ್ರಾನ್ ಸಾಗಿಸೋ ಎನ್‌ಎಡಿ ಪ್ಲಸ್‌ನಲ್ಲಿ ನಿಜವಾಗಿ ಕೆಲಸ ಮಾಡೋ ಪಿರಿಡಿನಿಯಂ ಉಂಗುರ ಇದರಲ್ಲೂ ಇದೆ, ಉಳಿದ ಉದ್ದ ಬಾಲ ಇಲ್ಲ. ಅದಕ್ಕೇ ಮಾದರಿಯಾಗಿ ತಗೊಂಡಿರೋದು.

ಅಸಿಟೋನೈಟ್ರೈಲ್ ದ್ರಾವಕ, 0.1 ಮೋಲಾರ್ ಟೆಟ್ರಾಬ್ಯುಟೈಲ್ ಅಮೋನಿಯಂ ಲವಣ, 3 ಮಿ.ಮೀ. ಗ್ಲಾಸಿ ಕಾರ್ಬನ್ ಎಲೆಕ್ಟ್ರೋಡ್, ಪ್ಲಾಟಿನಂ ಕೌಂಟರ್, ರೆಫರೆನ್ಸ್‌ಗೆ ಬೆಳ್ಳಿ ತಂತಿ. ಬಿಎನ್‌ಎ 1 ಮಿಲಿಮೋಲಾರ್. ಸೈಕ್ಲಿಕ್ ವೋಲ್ಟಾಮೆಟ್ರಿಯಲ್ಲಿ (ವೋಲ್ಟೇಜನ್ನ ಒಂದೇ ವೇಗದಲ್ಲಿ ಅತ್ತ ಒಯ್ದು ಇತ್ತ ತಂದು ಕರೆಂಟ್ ಅಳೆಯೋದು, ಆ ವೇಗವೇ ಸ್ಕ್ಯಾನ್ ರೇಟ್) ರಿಡಕ್ಷನ್ (ಎಲೆಕ್ಟ್ರಾನ್ ತಗೊಳ್ಳೋ) ಪೀಕ್ ಚೆನ್ನಾಗಿ ಬರುತ್ತೆ, ವಾಪಸ್ ಬರುವಾಗ ಅದರ ಜೋಡಿ ಪೀಕ್ ಇಲ್ಲ. ಒಂದು ವೋಲ್ಟ್‌ಗೆ ಹತ್ತಿರ ಹತ್ತಿರ ಆಚೆ ಹೋದ ಮೇಲೆ ಬೇರೆಯೇ ಒಂದು ಉತ್ಕರ್ಷಣ ಪೀಕ್ ಏಳುತ್ತೆ.

ತಲೆನೋವು ಇಲ್ಲಿದೆ. ಸ್ಕ್ಯಾನ್ ರೇಟನ್ನ ಸೆಕೆಂಡಿಗೆ 0.1 ವೋಲ್ಟ್‌ನಿಂದ 1 ವೋಲ್ಟ್‌ಗೆ ಏರಿಸಿದರೆ ಪೀಕ್ 28-29 ಮಿಲಿವೋಲ್ಟ್ ಋಣ ದಿಕ್ಕಿಗೆ ಸರಿಯುತ್ತೆ. ಕಾನ್ಸಂಟ್ರೇಶನ್ ಎರಡುಪಟ್ಟು ಮಾಡಿದರೆ ಅಲುಗಾಡೋದೇ ಇಲ್ಲ, ಒಂದೆರಡು ಮಿಲಿವೋಲ್ಟ್ ಅಷ್ಟೆ. ಯಾವ ಕ್ರಿಯೆಗೆ ಪೀಕ್ ಎಷ್ಟು ಸರಿಯುತ್ತೆ ಅನ್ನೋ ಟೇಬಲ್ ತೆಗೆದು ನೋಡಿದರೆ 29.6 ಮತ್ತು ಸೊನ್ನೆ ಅಂದರೆ ಫಸ್ಟ್ ಆರ್ಡರ್: ಎಲೆಕ್ಟ್ರಾನ್ ತಗೊಂಡ ಮೇಲೆ ಅಣು ಒಂಟಿಯಾಗೇ ಏನೋ ಆಗಿ ಹೋಗ್ತಿದೆ ಅಂತ. ಗೈಡ್ ಕೂಡ ಇಸಿ ಮೆಕ್ಯಾನಿಸಂ (ಮೊದಲು ಎಲೆಕ್ಟ್ರಾನ್, ಆಮೇಲೆ ರಾಸಾಯನಿಕ ಹೆಜ್ಜೆ) ಅಂತ ಬರೆದು ಮುಗಿಸು ಅಂತಿದ್ದಾರೆ. ಆದರೆ ಬಲ್ಕ್ ಎಲೆಕ್ಟ್ರಾಲಿಸಿಸ್ (ದ್ರಾವಣದಲ್ಲಿರೋದನ್ನೆಲ್ಲ ರಿಡ್ಯೂಸ್ ಮಾಡೋದು) ಮಾಡಿದರೆ ಅಣುವಿಗೆ ಒಂದೇ ಎಲೆಕ್ಟ್ರಾನ್ ಖರ್ಚು, ಎನ್‌ಎಂಆರ್‌ನಲ್ಲಿ (ಅಣುವಿನ ರಚನೆ ತೋರಿಸೋ ಪರೀಕ್ಷೆ) ಕಾಣೋದು ಡೈಮರ್‌ಗಳ ಮಿಶ್ರಣ. ಇಬ್ಬರು ಸೇರದೆ ಡೈಮರ್ ಎಲ್ಲಿಂದ ಬಂತು?

ಚಿಕ್ಕಪೇಟೆ ಕೆಮಿಸ್ಟ್:

ಆಕ್ಸಿಜನ್ ಓಡಿಸಿದ್ದೀರಾ ಸರಿಯಾಗಿ? ಅಸಿಟೋನೈಟ್ರೈಲ್‌ನಲ್ಲಿ ಆಕ್ಸಿಜನ್ ಸೂಪರ್‌ಆಕ್ಸೈಡ್ ಆಗೋ ಜಾಗ ನಿಮ್ಮ ಪೀಕಿನ ಪಕ್ಕದಲ್ಲೇ ಇರುತ್ತೆ. ಜುಲೈ ಮಳೆಗಾಲದಲ್ಲಿ ದ್ರಾವಕದ ನೀರು ಬೇರೆ.

ಮೂರು ಮಿಲಿಮೀಟರ್:

ಆರ್ಗಾನ್ ಹಾಯಿಸ್ತೀನಿ, ಅದೂ ಮೊದಲು ಅಸಿಟೋನೈಟ್ರೈಲ್ ತುಂಬಿದ ಬಬ್ಲರ್ ಮೂಲಕ, ಇಲ್ಲದಿದ್ದರೆ ಸೆಲ್ಲಲ್ಲಿರೋ ದ್ರಾವಕವೇ ಆರಿ ಹೋಗುತ್ತೆ. ಬ್ಲಾಂಕ್ (ಬಿಎನ್‌ಎ ಇಲ್ಲದ ದ್ರಾವಣ) ಚಪ್ಪಟೆಯಾಗಿದೆ. ಮಾಲಿಕ್ಯುಲಾರ್ ಸೀವ್ ಓವನ್ನಲ್ಲಿ ಹದ ಮಾಡಿಯೇ ಹಾಕಿರೋದು.

ಬಟ್ಲರನ ಭಾವಮೈದ:

ರಸಾಯನ ಕ್ರಿಯೆ ಬಿಡಿ, ಎಲೆಕ್ಟ್ರಾನ್ ದಾಟೋದೇ ನಿಧಾನ ಇರಬಹುದಲ್ವಾ? ಗ್ಲಾಸಿ ಕಾರ್ಬನ್ ಪಾಲಿಶ್ ಕೆಟ್ಟಿದ್ದರೆ ಪೀಕ್ ಸ್ಕ್ಯಾನ್ ರೇಟ್ ಜೊತೆ ಸರಿಯುತ್ತೆ, ಕಾನ್ಸಂಟ್ರೇಶನ್‌ಗೆ ಕೇರ್ ಮಾಡಲ್ಲ. ನೀವು ಹೇಳ್ತಿರೋದೂ ಅದೇ ತಾನೆ? ಡೈಮರ್ ಆಮೇಲೆ ನಿಧಾನವಾಗಿ ಆಗ್ತಿರುತ್ತೆ.

ನಿವೃತ್ತ ಮೇಷ್ಟ್ರು:

ಭಾವಮೈದರೇ, ಎಲೆಕ್ಟ್ರಾನ್ ವರ್ಗಾವಣೆಯೇ ನಿಧಾನ ಅಂದರೆ ಸರಿತ ಇಷ್ಟು ಕಡಿಮೆ ಇರುವುದಿಲ್ಲ. ಆಲ್ಫಾ (ವೋಲ್ಟೇಜಿನ ಎಷ್ಟು ಪಾಲು ಎಲೆಕ್ಟ್ರಾನ್ ದಾಟಿಸಲು ನೆರವಾಗುತ್ತದೆ ಅನ್ನುವ ಸಂಖ್ಯೆ) 0.5 ಇದ್ದರೆ ಹತ್ತುಪಟ್ಟಿಗೆ 59 ಮಿಲಿವೋಲ್ಟ್ ಆಸುಪಾಸು ಬರಬೇಕು. ಪೀಕ್ ಕೂಡ ಅಗಲವಾಗಿ ಚಪ್ಪಟೆಯಾಗಬೇಕು. ಅರ್ಧ ಎತ್ತರದಿಂದ ತುದಿಯವರೆಗಿನ ಅಗಲ 95 ಮಿಲಿವೋಲ್ಟಿನ ಹತ್ತಿರ. ಇವರ ಪೀಕ್ ಹಾಗಿದೆಯೇ?

ಮೂರು ಮಿಲಿಮೀಟರ್ ಅವರೇ, ಟೇಬಲ್ ಪಕ್ಕಕ್ಕಿಟ್ಟು ಮೂರು ಸಂಖ್ಯೆ ಕೊಡಿ. 0.1ರಲ್ಲೂ 1ರಲ್ಲೂ ಪೀಕಿನ ಕರೆಂಟ್ ಎಷ್ಟು? ಅದೇ ಎರಡು ವೇಗಗಳಲ್ಲಿ ಆ ಅಗಲ ಎಷ್ಟು? ಅದೇ ಸೆಲ್ಲಿನಲ್ಲಿ ಫೆರೋಸಿನ್ (ಹೋಲಿಕೆಗೆ ಬಳಸುವ ಕಬ್ಬಿಣದ ಸಂಯುಕ್ತ) ಹಾಕಿ ನೋಡಿದ್ದರೆ ಅದರ ಎರಡು ಪೀಕುಗಳ ನಡುವಿನ ಅಂತರ ಎಷ್ಟು?

ಮೂರು ಮಿಲಿಮೀಟರ್:

ಕರೆಂಟ್ 0.1ರಲ್ಲಿ 30 ಮೈಕ್ರೋಆಂಪಿಯರ್, 1ರಲ್ಲಿ 95. ಅಗಲ 41 ಮತ್ತು 46. ಫೆರೋಸಿನ್ 1 ಮಿಲಿಮೋಲಾರ್ ಹಾಕಿದಾಗ ಅಂತರ 0.1ರಲ್ಲಿ 67, 1ರಲ್ಲಿ 82. ಅದರ ಕರೆಂಟ್ 25 ಮತ್ತು 79.

ಮೇಷ್ಟ್ರೇ, 46 ಅಂದರೆ ಅದೂ ಫಸ್ಟ್ ಆರ್ಡರ್ ಕಡೆಗೇ ತಾನೆ? ಟೇಬಲಲ್ಲಿ 47.7 ಇದೆ.

ಪೀಣ್ಯ ಪ್ಲೇಟಿಂಗ್:

ಗುರು, ನಾನು ಪಿಎಚ್‌ಡಿ ಅಲ್ಲ, ನಿಕಲ್-ಕ್ರೋಮ್ ಬಾತ್ ನೋಡ್ಕೊಳ್ಳೋನು. ಆದರೆ ಕರೆಂಟ್ ಜಾಸ್ತಿ ಆದಷ್ಟೂ ಏನೋ ಸರೀತಿದೆ ಅಂದ್ರೆ ನಮ್ಮ ಕಡೆ ಮೊದಲು ನೋಡೋದು ದ್ರಾವಣದಲ್ಲಿ ಎಷ್ಟು ವೋಲ್ಟ್ ತಿಂದು ಹೋಗ್ತಿದೆ ಅಂತ. ಅಪಾರ್ಟ್‌ಮೆಂಟಲ್ಲಿ ಕೆಳಗಿನ ಮನೆಯವರೆಲ್ಲ ಒಟ್ಟಿಗೆ ನಲ್ಲಿ ಬಿಟ್ರೆ ಟ್ಯಾಂಕ್ ತುಂಬಿದ್ರೂ ಮೇಲಿನ ಮನೆಗೆ ನೀರು ಸಣ್ಣಗೆ ಬರುತ್ತಲ್ಲ, ಹಂಗೆ. ಮೀಟರ್ ತೋರಿಸೋ ವೋಲ್ಟೇಜ್ ಬೇರೆ, ಪ್ಲೇಟಿಗೆ ಮುಟ್ಟೋದು ಬೇರೆ.

ನಿವೃತ್ತ ಮೇಷ್ಟ್ರು:

ಪೀಣ್ಯದವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಲೆಕ್ಕ ಹಾಕೋಣ.

ಫೆರೋಸಿನ್ ಒಳ್ಳೆಯ ಸಾಕ್ಷಿ. ಅದರ ಎಲೆಕ್ಟ್ರಾನ್ ವರ್ಗಾವಣೆ ಎಷ್ಟು ಚುರುಕು ಅಂದರೆ ಈ ವೇಗಗಳಲ್ಲಿ ಪೀಕ್ ಅಂತರ 59ರ ಹತ್ತಿರವೇ ನಿಲ್ಲಬೇಕು. ನಿಮ್ಮದು 67ರಿಂದ 82ಕ್ಕೆ ಏರಿದೆ, 15 ಹೆಚ್ಚಳ. ಎರಡೂ ಪೀಕುಗಳು ವಿರುದ್ಧ ದಿಕ್ಕಿಗೆ ಸರಿಯುವುದರಿಂದ ಒಂದೊಂದರ ಪಾಲು ಏಳೂವರೆ ಮಿಲಿವೋಲ್ಟ್. ಆ ಹೊತ್ತಿಗೆ ಕರೆಂಟ್ ಏರಿದ್ದು 54 ಮೈಕ್ರೋಆಂಪಿಯರ್. ಭಾಗಿಸಿದರೆ 140 ಓಮ್. ಎಲೆಕ್ಟ್ರೋಡಿಗೂ ರೆಫರೆನ್ಸ್ ತುದಿಗೂ ನಡುವೆ ಪೊಟೆನ್ಶಿಯೋಸ್ಟಾಟ್ (ವೋಲ್ಟೇಜ್ ಹಿಡಿತದಲ್ಲಿಡುವ ಯಂತ್ರ) ಸರಿಪಡಿಸದೆ ಬಿಟ್ಟ ರೋಧ ಅದು. ಸುಲಭಕ್ಕೆ 150 ಅನ್ನೋಣ.

ಈಗ ಬಿಎನ್‌ಎ. 30 ಮೈಕ್ರೋಆಂಪಿಯರ್ × 150 ಓಮ್ = 4.5 ಮಿಲಿವೋಲ್ಟ್. 95ಕ್ಕೆ 14. ವ್ಯತ್ಯಾಸ ಒಂಬತ್ತೂವರೆಯಿಂದ ಹತ್ತು. ರಿಡಕ್ಷನ್ ಆದ್ದರಿಂದ ಇದು ಋಣ ದಿಕ್ಕಿಗೇ ಕೂಡುತ್ತದೆ. ನೀವು ಕಂಡ 28-29ರಲ್ಲಿ ಅದನ್ನು ಕಳೆಯಿರಿ. ಉಳಿಯುವುದು 19ರ ಆಸುಪಾಸು. ಎರಡು ರ್ಯಾಡಿಕಲ್ (ಒಂದು ಎಲೆಕ್ಟ್ರಾನ್ ತೆಗೆದುಕೊಂಡ ಬಿಎನ್‌ಎ) ಸೇರಿ ಡೈಮರ್ ಆಗುವುದಕ್ಕೆ ಟೇಬಲ್ ಕೊಡುವ ಸಂಖ್ಯೆ 19.7.

ಸಾರತೆಯ (ಕಾನ್ಸಂಟ್ರೇಶನ್) ವಿಷಯ ಇನ್ನೂ ಮೋಸದ್ದು. ಡೈಮರೀಕರಣದಲ್ಲಿ ಸಾರತೆ ಹತ್ತುಪಟ್ಟಾದರೆ ಪೀಕ್ 19.7 ಧನ ದಿಕ್ಕಿಗೆ ಬರಬೇಕು. ಎರಡುಪಟ್ಟಿಗೆ ಸುಮಾರು 6. ಆದರೆ ಸಾರತೆ ಎರಡುಪಟ್ಟಾದಾಗ ಕರೆಂಟೂ ಎರಡುಪಟ್ಟು, ಆ ರೋಧ ಇನ್ನೂ 4.5 ಮಿಲಿವೋಲ್ಟನ್ನು ಋಣ ದಿಕ್ಕಿಗೆ ಎಳೆಯುತ್ತದೆ. ಆರರಲ್ಲಿ ನಾಲ್ಕೂವರೆ ಹೋದರೆ ಉಳಿದದ್ದು ಒಂದೂವರೆ. ಬೆಳ್ಳಿ ತಂತಿಯ ಅಲುಗಾಟದಲ್ಲಿ ಅದು ಸೊನ್ನೆಯೇ.

ಅಗಲವೂ ಹಾಗೆಯೇ. ಡೈಮರ್‌ಗೆ 38.8 ಇರಬೇಕು. ಪೀಕಿನ ತುದಿಯಲ್ಲಿ ಇಡೀ ಕರೆಂಟ್, ಅರ್ಧ ಎತ್ತರದಲ್ಲಿ ಅರ್ಧ ಕರೆಂಟ್. ಆದ್ದರಿಂದ ಅರ್ಧ ಕರೆಂಟಿನಷ್ಟು ಓಮಿನ ನಷ್ಟ ಅಗಲಕ್ಕೆ ಸೇರುತ್ತದೆ. 0.1ರಲ್ಲಿ ಎರಡು ಮಿಲಿವೋಲ್ಟ್ ಚಿಲ್ಲರೆ, 1ರಲ್ಲಿ ಏಳು. 41 ಮತ್ತು 46. ನೀವು ಕೊಟ್ಟ ಸಂಖ್ಯೆಗಳೇ.

ಒಂದೇ ಕಾರಣ ಮೂರು ಪರೀಕ್ಷೆಗಳನ್ನೂ ಒಂದೇ ಸುಳ್ಳಿನ ಕಡೆಗೆ ತಳ್ಳಿದೆ. ಮೂರೂ ಒಂದೇ ಮಾತು ಹೇಳುತ್ತಿವೆ, ಹಾಗಾಗಿ ನಿಜ ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ನಿಮ್ಮ ಎನ್‌ಎಂಆರ್ ಮೊದಲಿಂದಲೂ ಸರಿಯಾಗಿಯೇ ಹೇಳುತ್ತಿದೆ.

ಬಟ್ಲರನ ಭಾವಮೈದ:

ಸರಿ, ಒಪ್ಪಿದೆ. ಆದರೆ ಇನ್ನೊಂದು ದಾರಿ ಇದೆಯಲ್ಲ ಮೇಷ್ಟ್ರೇ. ರ್ಯಾಡಿಕಲ್ ಇನ್ನೊಂದು ರ್ಯಾಡಿಕಲನ್ನ ಹುಡುಕೋ ಬದಲು ಇನ್ನೂ ರಿಡ್ಯೂಸ್ ಆಗದ ಬಿಎನ್‌ಎ ಪ್ಲಸ್‌ಗೇ ಅಂಟಿಕೊಂಡು, ಆಮೇಲೆ ಇನ್ನೊಂದು ಎಲೆಕ್ಟ್ರಾನ್ ತಗೊಂಡರೆ? ಕೊನೆಗೆ ಸಿಗೋದು ಅದೇ ಡೈಮರ್, ಅಣುವಿಗೆ ಅದೇ ಒಂದು ಎಲೆಕ್ಟ್ರಾನ್. ಎನ್‌ಎಂಆರ್, ಕೂಲೋಮೆಟ್ರಿ (ಖರ್ಚಾದ ಎಲೆಕ್ಟ್ರಾನಿನ ಲೆಕ್ಕ) ಎರಡೂ ಇದನ್ನ ಹಿಡಿಯೋಕಾಗಲ್ಲ.

ನಿವೃತ್ತ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ಅದಕ್ಕೇ ಸಾರತೆಯ ಪ್ರಯೋಗ ಬೇಕೇ ಬೇಕು ಅನ್ನುವುದು. ರ್ಯಾಡಿಕಲ್ ಮೂಲ ಅಣುವಿಗೆ ಅಂಟುವುದೇ ನಿಧಾನದ ಹೆಜ್ಜೆಯಾದರೆ ಸ್ಕ್ಯಾನ್ ರೇಟಿಗೂ ಸಾರತೆಗೂ ಎರಡಕ್ಕೂ 30ರ ಹತ್ತಿರ ಬರಬೇಕು. ಎರಡು ರ್ಯಾಡಿಕಲ್ ಸೇರುವುದಾದರೆ ಎರಡಕ್ಕೂ 20ರ ಹತ್ತಿರ. ಫಸ್ಟ್ ಆರ್ಡರ್‌ಗೆ 30 ಮತ್ತು ಸೊನ್ನೆ. ಫ್ರಾನ್ಸಿನ ಸವೆಯಾಂ ಗುಂಪು 1960ರ ದಶಕದಿಂದ ಕೂತು ಬಿಡಿಸಿದ ಕೆಲಸ ಇದು. ಅದಕ್ಕೆ ಅಡಿಪಾಯದಂತಿದ್ದದ್ದು 1964ರ ನಿಕೋಲ್ಸನ್-ಶೇನ್ ಲೆಕ್ಕಗಳು.

ಈ ಸಂಖ್ಯೆಗಳು ಆಕಾಶದಿಂದ ಉದುರಿದ್ದಲ್ಲ. ಎಲೆಕ್ಟ್ರೋಡಿನ ಮೇಲ್ಮೈಯಲ್ಲಿ ರ್ಯಾಡಿಕಲ್ ಎಷ್ಟು ಉಳಿದಿದೆ ಅನ್ನುವುದು ನೆರ್ನ್ಸ್ಟ್ ಸಮೀಕರಣದ ಮೂಲಕ ಪೀಕಿನ ಜಾಗವನ್ನು ತೀರ್ಮಾನಿಸುತ್ತದೆ, ಹತ್ತುಪಟ್ಟಿಗೆ 59 ಮಿಲಿವೋಲ್ಟ್. ರ್ಯಾಡಿಕಲ್ ಒಂಟಿಯಾಗಿ ನಾಶವಾದರೆ ಮೇಲ್ಮೈಯಲ್ಲಿ ಉಳಿಯುವ ಪ್ರಮಾಣ ಕರೆಂಟಿಗೆ ನೇರ ಅನುಪಾತ. ಕರೆಂಟ್ ಸ್ಕ್ಯಾನ್ ರೇಟಿನ ವರ್ಗಮೂಲದಂತೆ ಏರುತ್ತದೆ, ಆದ್ದರಿಂದ 59ರ ಅರ್ಧ, 29.6. ಇಬ್ಬಿಬ್ಬರಾಗಿ ನಾಶವಾದರೆ ಕತೆ ಬೇರೆ: ರ್ಯಾಡಿಕಲ್ ಹೆಚ್ಚಾದಷ್ಟೂ ನಾಶದ ವೇಗ ಇನ್ನೂ ಹೆಚ್ಚು, ಜೊತೆಗೆ ಅವು ಬದುಕಿರುವ ಪದರವೂ ತೆಳುವಾಗುತ್ತದೆ. ಕರೆಂಟ್ ಮೇಲ್ಮೈ ಸಾರತೆಯ ಒಂದೂವರೆ ಘಾತದಂತೆ ನಡೆಯುತ್ತದೆ. ಅದನ್ನು ತಿರುಗಿಸಿದರೆ ಮೇಲ್ಮೈ ಸಾರತೆ ಕರೆಂಟಿನ ಮೂರನೇ ಎರಡು ಘಾತ, ಅಂದರೆ ಸ್ಕ್ಯಾನ್ ರೇಟಿನ ಮೂರನೇ ಒಂದು ಘಾತ. 59ನ್ನು ಮೂರರಿಂದ ಭಾಗಿಸಿ. ಸಾರತೆಯ 19.7 ಕೂಡ ಇದೇ ಲೆಕ್ಕದಿಂದ ಬರುತ್ತದೆ, ಚಿಹ್ನೆ ಮಾತ್ರ ತಿರುಗುಮುರುಗು. ಒಂದು ಹಾಳೆ ತೆಗೆದುಕೊಂಡು ನೀವೇ ಮಾಡಿ ನೋಡಿ, ಟೇಬಲ್ ನೋಡುವ ಅಭ್ಯಾಸ ತಪ್ಪುತ್ತದೆ.

ಚಿಕ್ಕಪೇಟೆ ಕೆಮಿಸ್ಟ್:

ಮೇಷ್ಟ್ರು ಇನ್ನೂ ರಿಟೈರ್ ಆಗಿಲ್ಲ ಅನ್ಸುತ್ತೆ 😄

ಪೀಣ್ಯ ಪ್ಲೇಟಿಂಗ್:

ಸಾರ್, ಒಂದು ಮಾತು. ಈ ಡೈಮರ್ ತಗೊಂಡು ಏನ್ ಮಾಡ್ತಾರೆ? ದುಡ್ಡು ಹುಟ್ಟುತ್ತಾ ಇದರಲ್ಲಿ?

ನಿವೃತ್ತ ಮೇಷ್ಟ್ರು:

ಹುಟ್ಟಿದೆ, ಅದೂ ಸಣ್ಣದಲ್ಲ. ಅಕ್ರಿಲೋನೈಟ್ರೈಲ್ ಅಣುಗಳೆರಡನ್ನು ಕ್ಯಾಥೋಡಿನಲ್ಲಿ ಜೋಡಿಸಿದರೆ ಅಡಿಪೋನೈಟ್ರೈಲ್ ಸಿಗುತ್ತದೆ. ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್. ಅಲ್ಲಿಂದ ಹೆಕ್ಸಾಮೀಥಿಲೀನ್ ಡೈಅಮೀನ್, ಅಲ್ಲಿಂದ ನೈಲಾನ್ 6,6. ಮೊನ್ಸಾಂಟೊ ಕಂಪನಿಯ ಮ್ಯಾನುಯೆಲ್ ಬೈಜರ್ ಇದನ್ನು ಕಂಡುಹಿಡಿದು, 1965ರಲ್ಲಿ ಅಮೆರಿಕದ ಅಲಬಾಮಾದ ಡೆಕಾಟರ್‌ನಲ್ಲಿ ಕಾರ್ಖಾನೆಯೇ ಶುರುವಾಯಿತು. ಬೈಜರ್ ಅವರ ಜಾಣತನ ಇದ್ದದ್ದು ಲವಣದ ಆಯ್ಕೆಯಲ್ಲಿ. ಸಾಮಾನ್ಯ ಸೋಡಿಯಂ ಲವಣ ಹಾಕಿದರೆ ಅಣು ಒಂಟಿಯಾಗಿಯೇ ಪ್ರೋಟಾನ್ ತೆಗೆದುಕೊಂಡು ಪ್ರೊಪಿಯೋನೈಟ್ರೈಲ್ ಆಗಿಬಿಡುತ್ತದೆ. ಕ್ವಾಟರ್ನರಿ ಅಮೋನಿಯಂ ಲವಣ ಹಾಕಿದರೆ ಆ ದಪ್ಪ ಅಯಾನುಗಳು ಕ್ಯಾಥೋಡಿಗೆ ಮೆತ್ತಿಕೊಂಡು ನೀರನ್ನು ಮೇಲ್ಮೈಯಿಂದ ದೂರ ಇಡುತ್ತವೆ. ಪ್ರೋಟಾನ್ ಸಿಗದೆ ಅಣುಗಳು ಪರಸ್ಪರ ಸೇರುತ್ತವೆ.

ಇದಕ್ಕೂ ಹಿಂದಿನ ಕತೆ ಬೇಕಾದರೆ 1898ರ ಫ್ರಿಟ್ಜ್ ಹೇಬರ್. ಅಮೋನಿಯಾಕ್ಕೆ ಮೊದಲು ಅವರು ನೈಟ್ರೋಬೆಂಜೀನನ್ನು ಹಿಡಿದಿದ್ದರು. ಕ್ಯಾಥೋಡಿನ ಪೊಟೆನ್ಶಿಯಲ್ ಹಿಡಿತದಲ್ಲಿಟ್ಟರೆ ಹಂತ ಹಂತವಾಗಿ ನಿಲ್ಲಿಸಬಹುದು ಅಂತ ತೋರಿಸಿದರು. ಕ್ಷಾರದಲ್ಲಿ ಮಧ್ಯದ ಅಣುಗಳು ಒಂದಕ್ಕೊಂದು ಸೇರಿ ಅಜಾಕ್ಸಿಬೆಂಜೀನ್ ಆಗುತ್ತವೆ, ಪ್ರಬಲ ಆಮ್ಲದಲ್ಲಿ ಸೇರದೆ ಪ್ಯಾರಾ-ಅಮಿನೋಫೀನಾಲ್ ಕಡೆ ತಿರುಗುತ್ತವೆ. ಅದೇ ಪ್ಯಾರಾ-ಅಮಿನೋಫೀನಾಲ್‌ನಿಂದ ಪ್ಯಾರಾಸಿಟಮಾಲ್. ನಮ್ಮಲ್ಲಿ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆಯಲ್ಲಿ ಎಚ್. ವಿ. ಕೆ. ಉಡುಪ ಅವರು ತಿರುಗುವ ಕ್ಯಾಥೋಡ್ ಇಟ್ಟು ಇಂಥ ರಿಡಕ್ಷನ್‌ಗಳನ್ನು ಉತ್ಪಾದನೆಯ ಮಟ್ಟಕ್ಕೆ ತರಲು ಬಹಳ ದುಡಿದರು. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ, ಅದು ಬೇರೆ ಮಾತು.

ಕಿಣ್ವ ಕಾಮತ್:

ನಮಗೆ ಇದೇ ಡೈಮರ್ ಶತ್ರು! ನಾನು ಕಿಣ್ವಗಳ ಕೆಲಸ ಮಾಡೋನು. ಡಿಹೈಡ್ರೋಜಿನೇಸ್ ಓಡಿಸಬೇಕಾದರೆ ಎನ್‌ಎಡಿಎಚ್ ಬೇಕು, ಅದು ದುಬಾರಿ, ಹಾಗಾಗಿ ಖರ್ಚಾದ ಎನ್‌ಎಡಿ ಪ್ಲಸ್‌ನ ಮತ್ತೆ ಎನ್‌ಎಡಿಎಚ್ ಮಾಡಬೇಕು. ಕರೆಂಟ್ ಕೊಟ್ಟರೆ ಆಯ್ತಲ್ಲ ಅಂತ ಎಲ್ಲರೂ ಮೊದಲು ಅಂದ್ಕೊಳ್ಳೋದು. ಬರೀ ಎಲೆಕ್ಟ್ರೋಡಲ್ಲಿ ರಿಡ್ಯೂಸ್ ಮಾಡಿದರೆ ಮೊದಲ ಎಲೆಕ್ಟ್ರಾನ್ ಹೋಗ್ತಿದ್ದಂಗೇ ರ್ಯಾಡಿಕಲ್‌ಗಳು ಜೋಡಿಯಾಗಿ ಕೂರುತ್ತವೆ, ಎರಡನೇ ಎಲೆಕ್ಟ್ರಾನ್ ಮತ್ತು ಪ್ರೋಟಾನ್ ಸೇರೋಕೆ ಪುರಸೊತ್ತೇ ಇಲ್ಲ. ಆ ಡೈಮರನ್ನ ಕಿಣ್ವ ಮೂಸಿಯೂ ನೋಡಲ್ಲ. ಅದಕ್ಕೇ ನಾವು ರೋಡಿಯಂ ಬೈಪಿರಿಡಿನ್ ಕಾಂಪ್ಲೆಕ್ಸ್ ಮಧ್ಯವರ್ತಿ ಹಾಕೋದು. ಅದು ಹೈಡ್ರೈಡನ್ನ (ಎರಡು ಎಲೆಕ್ಟ್ರಾನ್ ಜೊತೆಗಿನ ಪ್ರೋಟಾನ್) ಒಂದೇ ಏಟಿಗೆ ಸರಿಯಾದ ಕಾರ್ಬನ್‌ಗೆ ದಾಟಿಸುತ್ತೆ, ಮಧ್ಯೆ ರ್ಯಾಡಿಕಲ್ ಹುಟ್ಟೋದೇ ಇಲ್ಲ.

ಮೂರು ಮಿಲಿಮೀಟರ್, ನಿಮ್ಮ ಆ ವೋಲ್ಟ್ ದೂರದ ಉತ್ಕರ್ಷಣ ಪೀಕ್ ಡೈಮರ್‌ದೇ ಅನ್ಸುತ್ತೆ. ಅಲ್ಲಿ ಅದು ಒಡೆದು ಮತ್ತೆ ಎರಡು ಬಿಎನ್‌ಎ ಪ್ಲಸ್ ಆಗುತ್ತೆ. ಪರೀಕ್ಷೆ ಸುಲಭ: ರಿಡಕ್ಷನ್ ಪೀಕಿಗೆ ಮುಂಚೆಯೇ ಸ್ಕ್ಯಾನ್ ತಿರುಗಿಸಿ, ಆ ಪೀಕ್ ಬರಬಾರದು.

ಪೀಣ್ಯ ಪ್ಲೇಟಿಂಗ್:

ಓ, ಹಂಗಾದ್ರೆ ಒಬ್ಬರಿಗೆ ಡೈಮರ್ ಬೇಕು, ಇನ್ನೊಬ್ಬರಿಗೆ ಬೇಡ. ಕರೆಂಟ್ ಡೆನ್ಸಿಟಿ ಏರಿಸಿದ್ರೆ ಡೈಮರ್ ಜಾಸ್ತಿ ಆಗುತ್ತಾ ಕಡಿಮೆ ಆಗುತ್ತಾ?

ನಿವೃತ್ತ ಮೇಷ್ಟ್ರು:

ಜಾಸ್ತಿ, ಪ್ರತಿಸ್ಪರ್ಧಿ ಫಸ್ಟ್ ಆರ್ಡರ್ ಆಗಿದ್ದರೆ. ಡೈಮರ್ ಆಗುವ ವೇಗ ರ್ಯಾಡಿಕಲ್ ಸಾರತೆಯ ವರ್ಗದಂತೆ, ಪ್ರೋಟಾನ್ ತೆಗೆದುಕೊಳ್ಳುವ ವೇಗ ಬರೀ ಸಾರತೆಯಂತೆ. ಕರೆಂಟ್ ಏರಿಸಿ ರ್ಯಾಡಿಕಲ್‌ಗಳನ್ನು ಒತ್ತೊತ್ತಾಗಿ ಹುಟ್ಟಿಸಿದರೆ ವರ್ಗ ಗೆಲ್ಲುತ್ತದೆ. ಆದರೆ ಕರೆಂಟ್ ಏರಿಸುತ್ತಾ ಹೋದರೆ ಪೊಟೆನ್ಶಿಯಲ್ ಎರಡನೇ ರಿಡಕ್ಷನ್‌ಗೆ ಜಾರಬಹುದು, ಅಲ್ಲಿ ಈ ಲೆಕ್ಕ ಬುಡಮೇಲು.

ಮೂರು ಮಿಲಿಮೀಟರ್:

ಸ್ವಲ್ಪ ದಿನ ಕಾಣಿಸಲಿಲ್ಲ, ಸೆಲ್ ಪೂರ್ತಿ ಮತ್ತೆ ಕಟ್ಟಿದೆ.

ಬೆಳ್ಳಿ ತಂತಿಯ ಗಾಜಿನ ನಳಿಕೆಯ ತುದಿಯನ್ನ ಎಲೆಕ್ಟ್ರೋಡ್ ಹತ್ತಿರಕ್ಕೆ ತಂದೆ. ಪೊಟೆನ್ಶಿಯೋಸ್ಟಾಟಿನ ಪಾಸಿಟಿವ್ ಫೀಡ್‌ಬ್ಯಾಕ್ ಆನ್ ಮಾಡಿ ಆ ರೋಧವನ್ನ 85% ವರೆಗೆ ಸರಿಪಡಿಸಿದೆ. ಅದಕ್ಕೂ ಮೇಲೆ ಹೋದರೆ ಕರ್ವ್ ಮೇಲೆ ಸಣ್ಣ ಸಣ್ಣ ಅಲೆ ಎದ್ದು ನಡುಗೋಕೆ ಶುರು. ಯುಪಿಎಸ್‌ನ 50 ಹರ್ಟ್ಸ್ ಗುನುಗು ತಪ್ಪಿಸೋಕೆ ಸೆಲ್ಲನ್ನ ಭೂಸಂಪರ್ಕ ಕೊಟ್ಟ ಸ್ಟೀಲ್ ಡಬ್ಬದೊಳಗೆ ಇಟ್ಟೆ. ಪ್ರತಿ ಸಲವೂ ಫೆರೋಸಿನ್ ಒಳಗೇ ಇತ್ತು, ಪೀಕನ್ನ ಅದರ ಮಧ್ಯಬಿಂದುವಿನಿಂದಲೇ ಅಳೆದೆ, ಬೆಳ್ಳಿ ತಂತಿ ಎಷ್ಟು ಜಾರಿದರೂ ಲೆಕ್ಕಕ್ಕೆ ಬರಲಿಲ್ಲ.

ಫೆರೋಸಿನ್ ಅಂತರ ಈಗ 60-62ರಲ್ಲೇ ನಿಲ್ಲುತ್ತೆ. ಬಿಎನ್‌ಎ ಹತ್ತುಪಟ್ಟು ಸ್ಕ್ಯಾನ್ ರೇಟಿಗೆ 20-21. ಕಾನ್ಸಂಟ್ರೇಶನ್ ಎರಡುಪಟ್ಟಿಗೆ 5ರಿಂದ 6, ಧನ ದಿಕ್ಕಿಗೆ. ಅಗಲ 39-40. ಕಾಮತ್ ಅವರು ಹೇಳಿದ ಪರೀಕ್ಷೆಯೂ ಸರಿಹೋಯ್ತು, ಮುಂಚೆ ತಿರುಗಿಸಿದರೆ ಆ ದೂರದ ಪೀಕ್ ಇಲ್ಲ.

ಗೈಡ್ ಎರಡೂ ಸೆಟ್ ಕರ್ವ್ ಅಕ್ಕಪಕ್ಕ ಇಟ್ಕೊಂಡು ನೋಡಿದರು. ಈಗ ಅವರ ಪ್ರಶ್ನೆ: ಡೈಮರ್ ಆಗೋ ಕ್ರಿಯೆಯ ರೇಟ್ ಕಾನ್ಸ್ಟೆಂಟ್ (ವೇಗ ಹೇಳೋ ಸಂಖ್ಯೆ) ಎಷ್ಟು?

ಬಟ್ಲರನ ಭಾವಮೈದ:

ಅದೇ ಗೈಡ್ ಅಂದ್ರೆ. ಒಂದು ಬಾಗಿಲು ತೆರೆದರೆ ಇನ್ನೊಂದು ಬೀಗ.

ನಿವೃತ್ತ ಮೇಷ್ಟ್ರು:

ಸಂತೋಷ. ಇಳಿಜಾರಿನ ಸಂಖ್ಯೆಯಿಂದ ಆರ್ಡರ್ ಸಿಗುತ್ತದೆಯೇ ಹೊರತು ರೇಟ್ ಕಾನ್ಸ್ಟೆಂಟ್ ಸಿಗುವುದಿಲ್ಲ. ಪೀಕಿನ ಜಾಗದಲ್ಲಿ ಅದು ಅಡಗಿದೆ, ಆದರೆ ಬಿಡಿಸಬೇಕಾದರೆ ಪ್ರಮಾಣಿತ ಪೊಟೆನ್ಶಿಯಲ್ ಗೊತ್ತಿರಬೇಕು. ವಾಪಸ್ ಪೀಕೇ ಇಲ್ಲದ ಕಡೆ ಅದು ಹೇಗೆ ಗೊತ್ತಾಗಬೇಕು? ರ್ಯಾಡಿಕಲ್ ಜೋಡಿಯಾಗುವ ಮುನ್ನವೇ ಹಿಂದಕ್ಕೆ ತಿರುಗುವಷ್ಟು ವೇಗದಲ್ಲಿ ಸ್ಕ್ಯಾನ್ ಮಾಡಬೇಕು. ನಿಮ್ಮ ರ್ಯಾಡಿಕಲ್‌ಗೆ ವಿದ್ಯುದಾವೇಶ ಇಲ್ಲ, ಒಂದನ್ನೊಂದು ತಳ್ಳುವುದಿಲ್ಲ, ಹಾಗಾಗಿ ಕ್ರಿಯೆ ಚುರುಕು. ರೇಟ್ ಕಾನ್ಸ್ಟೆಂಟ್ 10ರ 7ನೇ ಘಾತದ ಆಸುಪಾಸು ಇದೆ ಅಂದುಕೊಂಡರೆ, 1 ಮಿಲಿಮೋಲಾರ್‌ನಲ್ಲಿ ಸೆಕೆಂಡಿಗೆ ಕೆಲವು ನೂರರಿಂದ ಕೆಲವು ಸಾವಿರ ವೋಲ್ಟ್ ಬೇಕಾಗುತ್ತದೆ.

3 ಮಿ.ಮೀ. ಎಲೆಕ್ಟ್ರೋಡಿನಲ್ಲಿ ಆ ವೇಗ ಕನಸು, ಓಮಿನ ನಷ್ಟವೇ ಎಲ್ಲವನ್ನೂ ನುಂಗುತ್ತದೆ. 10 ಮೈಕ್ರಾನ್ ವ್ಯಾಸದ್ದಾದರೆ ಸೆಕೆಂಡಿಗೆ 1000 ವೋಲ್ಟ್‌ನಲ್ಲೂ ಪೀಕ್ ಕರೆಂಟ್ ಕೆಲವು ಹತ್ತು ನ್ಯಾನೋಆಂಪಿಯರ್. ರೋಧ ಹತ್ತಾರು ಸಾವಿರ ಓಮ್ ಇದ್ದರೂ ನಷ್ಟ ಒಂದೆರಡು ಮಿಲಿವೋಲ್ಟ್. ಪೊಟೆನ್ಶಿಯೋಸ್ಟಾಟ್ ಅಷ್ಟು ಸಣ್ಣ ಕರೆಂಟನ್ನು ಅಷ್ಟು ಬೇಗ ಓದಬಲ್ಲದೇ ಅಂತ ಮೊದಲು ಕೈಪಿಡಿಯಲ್ಲಿ ನೋಡಿಕೊಳ್ಳಿ. ನೋಡದೆ ಎಲೆಕ್ಟ್ರೋಡ್ ಖರೀದಿಸಬೇಡಿ, ಬೆಲೆ ಜೋರಾಗಿದೆ.

ಮೂರು ಮಿಲಿಮೀಟರ್:

ಕೈಪಿಡಿ ನೋಡಿದೆ, ಓದುತ್ತೆ. ಎಲೆಕ್ಟ್ರೋಡಿಗೆ ಈ ವರ್ಷ ಬಜೆಟ್ ಇಲ್ಲ. ಯಾರಾದರೂ ಕೈಯಲ್ಲೇ ಮಾಡಿದ್ದೀರಾ?

ಪೀಣ್ಯ ಪ್ಲೇಟಿಂಗ್:

ಕಾರ್ಬನ್ ಫೈಬರ್ ಆಗುತ್ತಾ? ನಮ್ಮ ಪಕ್ಕದ ಶೆಡ್ಡಲ್ಲಿ ಕಾಂಪೋಸಿಟ್ ಪಾರ್ಟ್ ಮಾಡ್ತಾರೆ, ತುಂಡು ದಾರ ಕಸಕ್ಕೆ ಹೋಗುತ್ತೆ. ಒಂದು ಕಟ್ಟಲ್ಲಿ ಸಾವಿರಾರು ಎಳೆ.

ಚಿಕ್ಕಪೇಟೆ ಕೆಮಿಸ್ಟ್:

ಧಾರಾಳವಾಗಿ ಆಗುತ್ತೆ. ಒಂದೊಂದು ಎಳೆ 7 ಮೈಕ್ರಾನ್ ಹತ್ತಿರ ಇರುತ್ತೆ. ಗಾಜಿನ ಕ್ಯಾಪಿಲರಿಯೊಳಗೆ ಒಂದೇ ಎಳೆ ತೂರಿಸಿ, ತುದಿಯನ್ನ ಜ್ವಾಲೆಯಲ್ಲಿ ಕರಗಿಸಿ ಮುಚ್ಚಿ. ಎಪಾಕ್ಸಿ ಬೇಡ, ಅಸಿಟೋನೈಟ್ರೈಲ್‌ನಲ್ಲಿ ಮೆತ್ತಗಾಗುತ್ತೆ. ಹಿಂದಿನಿಂದ ಸಿಲ್ವರ್ ಪೇಂಟ್ ಹಾಕಿ ತೆಳು ತಾಮ್ರದ ತಂತಿ ಇಳಿಸಿ, ಎರಡೂ ಎಸ್‌ಪಿ ರೋಡಲ್ಲಿ ಸಿಗುತ್ತೆ. ಆಮೇಲೆ ತುದಿಯನ್ನ ಸಣ್ಣ ಮರಳು ಕಾಗದದಲ್ಲಿ, ಕೊನೆಗೆ 0.05 ಮೈಕ್ರಾನ್ ಅಲ್ಯೂಮಿನಾದಲ್ಲಿ ತಿಕ್ಕಿ. ಫೆರೋಸಿನ್‌ನಲ್ಲಿ ನಿಧಾನ ಸ್ಕ್ಯಾನ್ ಮಾಡಿದಾಗ ಪೀಕ್ ಇಲ್ಲದೆ ಮಟ್ಟಸವಾದ ಮೆಟ್ಟಿಲು ಬಂದರೆ ಸೀಲ್ ಸರಿಯಾಗಿದೆ ಅಂತ.

ಪೀಣ್ಯದಿಂದ ತಂದ ದಾರಕ್ಕೆ ಮೇಲೆ ಅಂಟಿನ ಲೇಪ ಇರುತ್ತೆ. ಮೊದಲು ಬಿಸಿ ಅಸಿಟೋನ್‌ನಲ್ಲಿ ನೆನೆಸಿ ತೊಳೀರಿ, ಫ್ಯೂಮ್ ಹುಡ್ ಒಳಗೆ, ಹಾಟ್‌ಪ್ಲೇಟ್ ಮೇಲೆ ಅಲ್ಲ, ಬಿಸಿನೀರಿನ ಬಟ್ಟಲಲ್ಲಿಟ್ಟು.